ಹಾಲಿನ ಸಾಲಿನಲ್ಲಿ ನಿಂತವರ ಕವಿತೆ
(ಶಿರೂರಿನಲ್ಲಿ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಹಸಿರು ಮೇವು, ಪಶು ಆಹಾರ, ಕೆಚ್ಚಲು ಬಾವು, ಕಾಲುಬಾಯಿ ಜ್ವರದ ಲಸಿಕೆ, ಫ್ಯಾಟು, ಎಸ್‌ಎನ್‌ಎಫ್ ಇವುಗಳ ಬಗ್ಗೆ ಮಾತು ನಡೆಯುತ್ತದೆ. ಹಾಗೇ ನಡೆಯಬೇಕು. ಇಂದು ಮಾತ್ರ ತಾವು ನನಗೆ ಬೇರೆ ವಿಷಯ ಕೊಟ್ಟಿದ್ದೀರಿ. ನಮ್ಮ ಊರುಗಳಲ್ಲಿ ತಮ್ಮ ಪಾಡಿಗೆ ತಾವು ಕವಿತೆ ಬರೆಯುವವರಿದ್ದಾರೆ. ಅವರು ಬರೆದದ್ದನ್ನು ನಾಲ್ಕು ಜನ ಕೇಳುವಂತೆ, ಓದುವಂತೆ ಮಾಡುವುದು ಹೇಗೆ ಎಂಬುದು ಆ ವಿಷಯ. ವಿಷಯ ಕೇಳಿ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕಿದ್ದನ್ನು ಕಂಡೆ. ಬೇಸರವಿಲ್ಲ. ನಾನು ಇವತ್ತು ಮಾತಾಡಬೇಕಾದದ್ದು ಆ ನಗುವಿನ ಬಗ್ಗೆಯೇ.

ಮೊದಲು ನಮ್ಮ ಊರಿನ ಸ್ಥಾನ ನೋಡೋಣ. ಶಿರೂರು ಎಂದರೆ ಯಾವ ಶಿರೂರು ಎಂದು ಹೊರಗಿನವರು ಕೇಳುವುದುಂಟು. ಉಡುಪಿಯ ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಶಿರೂರು ಬೇರೆ. 2024ರ ಜುಲೈಯಲ್ಲಿ ಗುಡ್ಡ ಕುಸಿದು ದೇಶಕ್ಕೆಲ್ಲ ಸುದ್ದಿಯಾದ ಅಂಕೋಲಾ ತಾಲೂಕಿನ ಶಿರೂರು ಬೇರೆ. ನಮ್ಮದು ಬೈಂದೂರು ತಾಲೂಕಿನ ಶಿರೂರು, ಉಡುಪಿ ಜಿಲ್ಲೆಯ ಉತ್ತರದ ಕೊನೆ. ಇದನ್ನು ದಾಟಿದರೆ ಭಟ್ಕಳ ತಾಲೂಕು. ಹೆದ್ದಾರಿಯೂ ಕೊಂಕಣ ರೈಲೂ ನಮ್ಮ ಊರಿನ ಮೇಲೆಯೇ ಹೋಗುತ್ತವೆ. ಆದರೆ ಕೊನೆಯ ಊರಿಗೆ ಯಾವುದೂ ಬೇಗ ಬರುವುದಿಲ್ಲ ಎಂಬುದು ನಿಮಗೆ ನಾನು ಹೇಳಬೇಕಾದ್ದಲ್ಲ. ಸಾಹಿತ್ಯ ಸಮ್ಮೇಳನ, ಕವಿಗೋಷ್ಠಿ, ಪತ್ರಿಕೆಯವರ ಕಣ್ಣು ಇವೆಲ್ಲ ಉಡುಪಿ, ಕುಂದಾಪುರದ ಪೇಟೆಯಲ್ಲೇ ಹೆಚ್ಚಾಗಿ ನಿಲ್ಲುತ್ತವೆ. ಆದ್ದರಿಂದ ನಮ್ಮವರ ಬರಹವನ್ನು ನಾವೇ ಕೇಳದಿದ್ದರೆ ಬೇರೆ ಯಾರೂ ಬಂದು ಕೇಳುವವರಲ್ಲ.

ನಮ್ಮಲ್ಲಿ ಬರೆಯುವವರು ಇದ್ದಾರೆಯೇ? ಇದ್ದಾರೆ. ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ, ಮಕ್ಕಳ ಹಳೆಯ ನೋಟುಪುಸ್ತಕದ ಉಳಿದ ಪುಟಗಳಲ್ಲಿ, ಹಾಲಿನ ಪಾಸ್‌ಬುಕ್ಕಿನ ಕೊನೆಯ ಖಾಲಿ ಹಾಳೆಯಲ್ಲಿ ಬರೆದಿಟ್ಟವರನ್ನು ನಾನು ಬಲ್ಲೆ. "ಏನು ಬರೆದದ್ದು, ಕೊಡಿ ನೋಡುವ" ಎಂದರೆ, "ಎಂತದೂ ಇಲ್ಲೆ ಮಾರಾಯ್ರೆ, ಸುಮ್ನೆ ಗೀಚಿದ್ದ್" ಎಂದು ಸೆರಗಿನಡಿಗೆ ಹಾಕಿಕೊಳ್ಳುತ್ತಾರೆ. ಗಂಡಸರಾದರೆ ಕಿಸೆಗೆ ಹಾಕಿಕೊಳ್ಳುತ್ತಾರೆ. ಬರೆದವರಿಗೆ ಅದು ಬೇಡವೆಂದಲ್ಲ. ಬೇಡವಾಗಿದ್ದರೆ ಬರೆಯುತ್ತಿರಲಿಲ್ಲ, ಬರೆದದ್ದನ್ನು ಇಟ್ಟುಕೊಳ್ಳುತ್ತಲೂ ಇರಲಿಲ್ಲ. ಅವರು ಅಂಜುವುದು ನಗುವಿಗೆ.

ಈ ಅಂಜಿಕೆ ಇಂದಿನದಲ್ಲ. ಹೊಸಗನ್ನಡದ ಬೆಳಗಿನ ಕವಿ ಎನಿಸಿಕೊಂಡ ಮುದ್ದಣ ನಮ್ಮ ಜಿಲ್ಲೆಯ ನಂದಳಿಕೆಯವರು. ನಿಜವಾದ ಹೆಸರು ಲಕ್ಷ್ಮೀನಾರಣಪ್ಪ. 1870ರಲ್ಲಿ ಹುಟ್ಟಿ 1901ರಲ್ಲಿ, ಮೂವತ್ತೊಂದರ ಪ್ರಾಯದಲ್ಲಿ ತೀರಿಕೊಂಡರು. ಹೊಟ್ಟೆಪಾಡಿಗೆ ಅವರು ಮಾಡುತ್ತಿದ್ದದ್ದು ಶಾಲೆಯಲ್ಲಿ ಮಕ್ಕಳಿಗೆ ಕಸರತ್ತು ಕಲಿಸುವ ಕೆಲಸ. ಅವರ 'ರಾಮಾಶ್ವಮೇಧ'ವನ್ನು ಇಂದು ಕನ್ನಡ ಓದಿದವರೆಲ್ಲ ಬಲ್ಲರು. ಆದರೆ ಅದನ್ನು ಮೈಸೂರಿಗೆ ಕಳುಹಿಸುವಾಗ ಅವರು ತಾನು ಬರೆದದ್ದೆಂದು ಹೇಳಲಿಲ್ಲ. ಇದು ಹಿಂದಿನ ಕಾಲದ ಯಾವನೋ ಕವಿಯ ಕೃತಿ, ತನಗೆ ಸಿಕ್ಕಿತು ಎಂದು ಹೇಳಿ ಕಳುಹಿಸಿದರು. ಡ್ರಿಲ್ ಮೇಷ್ಟ್ರು ಬರೆದದ್ದೆಂದರೆ ಯಾರು ಓದುತ್ತಾರೆ ಎಂಬ ಸಂಕೋಚ ಅವರನ್ನು ಕಾಡಿರಬೇಕು. ಅವರೇ ಕವಿ ಎಂದು ಲೋಕಕ್ಕೆ ಸರಿಯಾಗಿ ಗೊತ್ತಾಗುವಾಗ ಅವರು ಇರಲಿಲ್ಲ. ಅಂತಹ ಪ್ರತಿಭೆಯೇ ಹೆಸರು ಮುಚ್ಚಿಟ್ಟುಕೊಂಡಿತೆಂದ ಮೇಲೆ, ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆಯುವ ನಮ್ಮ ತಂಗಿಯೊಬ್ಬಳು ನಾಲ್ಕು ಸಾಲು ಬರೆದು ಮುಚ್ಚಿಡುವುದರಲ್ಲಿ ಆಶ್ಚರ್ಯವೇನಿದೆ?

ಇನ್ನೊಂದು ಉದಾಹರಣೆ ದೂರದ್ದು. ಬ್ರಿಟನ್ನಿನಲ್ಲಿ ವೇಲ್ಸ್ ಎಂಬ ಸಣ್ಣ ನಾಡಿದೆ. ಇಂಗ್ಲಿಷಿನ ಪಕ್ಕದಲ್ಲಿದ್ದೂ ತನ್ನ ಭಾಷೆಯನ್ನು ಉಳಿಸಿಕೊಂಡು ಬಂದ ನಾಡು ಅದು. ಅಲ್ಲಿ ವರ್ಷಕ್ಕೊಮ್ಮೆ 'ಐಸ್ಟೆಡ್‌ವಡ್' ಎಂಬ ದೊಡ್ಡ ಸಾಹಿತ್ಯ ಜಾತ್ರೆ ನಡೆಯುತ್ತದೆ. ಸ್ಪರ್ಧೆಗೆ ಕವಿತೆ ಕಳುಹಿಸುವವರು ತಮ್ಮ ಹೆಸರು ಬರೆಯುವಂತಿಲ್ಲ, ಗುಪ್ತನಾಮ ಹಾಕಬೇಕು. ತೀರ್ಪುಗಾರರು ತುಂಬಿದ ಸಭೆಯಲ್ಲಿ ಗೆದ್ದ ಗುಪ್ತನಾಮವನ್ನು ಕೂಗುತ್ತಾರೆ. ಬರೆದವನು ಕುಳಿತಲ್ಲಿಂದ ಎದ್ದು ನಿಲ್ಲಬೇಕು. ಆಗ ಅವನನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿ ಗೌರವಿಸುತ್ತಾರೆ. 1917ರಲ್ಲಿ ಹೀಗೆ ಕೂಗಿದಾಗ ಯಾರೂ ಏಳಲಿಲ್ಲ. ಗೆದ್ದವನು ಹೆಡ್ ವಿನ್ ಎಂಬ ಕಾವ್ಯನಾಮದ ರೈತನ ಮಗ, ತಂದೆಯ ಜಮೀನಿನಲ್ಲಿ ಕುರಿ ಕಾಯುತ್ತಿದ್ದವನು. ಯುದ್ಧಕ್ಕೆ ಹೋದವನು ಅದೇ ಜುಲೈ 31ರಂದು ರಣರಂಗದಲ್ಲಿ ಸತ್ತಿದ್ದ. ಖಾಲಿ ಕುರ್ಚಿಗೆ ಕಪ್ಪು ಬಟ್ಟೆ ಹೊದಿಸಿ ಅವನ ಊರಿಗೆ ಕಳುಹಿಸಿದರು. ನೂರು ವರ್ಷ ಕಳೆದರೂ ಆ ನಾಡು ಅದನ್ನು ಮರೆತಿಲ್ಲ.

ಈ ಎರಡು ಸಂಗತಿಗಳನ್ನು ಹೇಳಿದ್ದು ಕಣ್ಣೀರು ತರಿಸಲಿಕ್ಕಲ್ಲ. ವೇಲ್ಸಿನವರು ಸಂಕೋಚಕ್ಕೆ ಒಂದು ಕ್ರಮ ಕಂಡುಕೊಂಡರು ಎಂಬುದನ್ನು ತೋರಿಸಲಿಕ್ಕೆ. ಹೆಸರು ಮುಚ್ಚಿಡುವುದನ್ನೇ ನಿಯಮ ಮಾಡಿಬಿಟ್ಟರೆ ಯಾರಿಗೂ ನಾಚಿಕೆಯಿಲ್ಲ. ನಮ್ಮ ಸಂಘದಲ್ಲಿ ಹಾಲಿನ ಮಾದರಿಯ ಬಾಟಲಿಗೆ ನಾವು ಹಾಕುವುದು ಸದಸ್ಯನ ನಂಬರ್ ಮಾತ್ರ. ಶ್ರೀಮಂತನ ಹಾಲು, ಬಡವನ ಹಾಲು ಎಂದು ಯಂತ್ರ ನೋಡುವುದಿಲ್ಲ. ಕವಿತೆಯನ್ನೂ ಮೊದಲು ಹಾಗೆ ಕೇಳಬಹುದು. ಬರೆದದ್ದು ಯಾರೆಂದು ಗೊತ್ತಿಲ್ಲದೆ ಕೇಳಿದಾಗ ಮೇಷ್ಟ್ರ ಕವಿತೆಗೆ ಬೀಳುವ ಚಪ್ಪಾಳೆಯೂ, ಕೂಲಿಯವನ ಕವಿತೆಗೆ ಬೀಳುವ ನಗುವೂ ಸ್ವಲ್ಪ ಕಡಿಮೆಯಾಗುತ್ತದೆ.

ಬಂಧುಗಳೇ, ಕವಿತೆ ನಮ್ಮ ನೆಲಕ್ಕೆ ಹೊಸತಲ್ಲ. ಗೋಪಾಲಕೃಷ್ಣ ಅಡಿಗರು ಹುಟ್ಟಿದ ಮೊಗೇರಿ ಇರುವುದು ಇದೇ ಬೈಂದೂರು ತಾಲೂಕಿನಲ್ಲಿ. 1918ರಲ್ಲಿ ಆ ಹಳ್ಳಿಯಲ್ಲಿ ಹುಟ್ಟಿದವರು 1946ರಲ್ಲಿ 'ಭಾವತರಂಗ' ಪ್ರಕಟಿಸಿ, ಮುಂದೆ ಕನ್ನಡ ಕಾವ್ಯದ ದಿಕ್ಕನ್ನೇ ತಿರುಗಿಸಿದರು. ವೈದೇಹಿಯವರು 1945ರಲ್ಲಿ ಕುಂದಾಪುರದಲ್ಲಿ ಹುಟ್ಟಿದವರು; ನಮ್ಮ ಮನೆಯೊಳಗಿನ ಹೆಂಗಸರ ಮಾತನ್ನು ಕನ್ನಡ ಸಾಹಿತ್ಯದ ಮುಖ್ಯ ಮಾತಾಗಿ ಮಾಡಿದರು. ಆದರೆ ದೊಡ್ಡವರ ಹೆಸರು ಹೇಳಿ ಸುಮ್ಮನಾಗುವುದು ನಮಗೆಲ್ಲ ಸುಲಭದ ಚಾಳಿ. ಅವರಿಗಿಂತ ಮೊದಲೂ, ಅವರ ಸುತ್ತಲೂ, ಹೆಸರಿಲ್ಲದವರ ದೊಡ್ಡ ಬಳಗವಿತ್ತು. ನೇಜಿ ನೆಡುವಾಗ ಗೊರಬು ಹಾಕಿಕೊಂಡು ಸಾಲಾಗಿ ಬಗ್ಗಿದ ಹೆಂಗಸರು ಹಾಡುತ್ತಿದ್ದರು. ಮದುವೆಯಲ್ಲಿ ಶೋಭಾನೆ ಇತ್ತು. ಭತ್ತ ಕುಟ್ಟುವಾಗ, ತೊಟ್ಟಿಲು ತೂಗುವಾಗ ಹಾಡಿತ್ತು. ಹೌಂದರಾಯನ ವಾಲಗದಲ್ಲಿ ಕುಣಿತದೊಂದಿಗೆ ಪದವಿತ್ತು. ನವರಾತ್ರಿಯಲ್ಲಿ ಹೂವಿನಕೋಲು ಹಿಡಿದು ಮಕ್ಕಳು ಮನೆಮನೆಗೆ ಬಂದು ಪ್ರಸಂಗದ ಮಾತು ಒಪ್ಪಿಸುತ್ತಿದ್ದರು. ರಾತ್ರಿಯಿಡೀ ಆಟ ನೋಡಿ ಬಂದವರು ಮರುದಿನ ಗದ್ದೆಯಲ್ಲಿ ಅದೇ ಧಾಟಿಗೆ ತಮ್ಮದೇ ಎರಡು ಸಾಲು ಸೇರಿಸಿ ಹೇಳುತ್ತಿದ್ದರು. ಅವರನ್ನು ಯಾರೂ ಹವ್ಯಾಸಿ ಕವಿ ಎಂದು ಕರೆಯಲಿಲ್ಲ. ಹಾಡಿದವರಿಗೂ ಕೇಳಿದವರಿಗೂ ಅದು ಕೆಲಸದ ಒಂದು ಭಾಗವಾಗಿತ್ತು.

ಹಾಗಾದರೆ ಅದು ಹೋದದ್ದು ಯಾಕೆ? ಟಿ.ವಿ. ಬಂತು, ಮೊಬೈಲು ಬಂತು ಎಂದು ನಾವು ದೂರುತ್ತೇವೆ. ನನಗೆ ಕಾಣುವ ಕಾರಣ ಬೇರೆ. ಜನ ಒಟ್ಟಿಗೆ ಕೈ ಹಾಕಿ ಮಾಡುವ ಕೆಲಸ ಹೋಯಿತು. ಅನೇಕ ಗದ್ದೆಗಳು ಹಡಿಲು ಬಿದ್ದವು. ಉಳಿದಲ್ಲಿ ನಾಟಿಗೆ ಯಂತ್ರ, ಕಟಾವಿಗೆ ಯಂತ್ರ, ಭತ್ತ ಮಾಡಲು ಮಿಲ್ಲು. ಇದನ್ನು ತಪ್ಪೆಂದು ನಾನು ಹೇಳುವುದಿಲ್ಲ. ಬಗ್ಗಿ ನೆಟ್ಟವರ ಸೊಂಟಕ್ಕೆ ಕೇಳಿದರೆ ಅದು ಯಂತ್ರವೇ ಒಳ್ಳೆಯದೆಂದು ಹೇಳೀತು. ಆದರೆ ಇಪ್ಪತ್ತು ಜನ ಒಂದೇ ಕಡೆ ಸೇರುವ ಜಾಗ ಹೋದಾಗ, ಹಾಡು ಹುಟ್ಟುವ ಮತ್ತು ಒಬ್ಬರಿಂದ ಒಬ್ಬರಿಗೆ ದಾಟುವ ಜಾಗವೂ ಹೋಯಿತು.

ಈಗ ನಮ್ಮ ಹಳ್ಳಿಯಲ್ಲಿ ದಿನವೂ ಜನ ಸೇರುವ ಜಾಗ ಯಾವುದು ಉಳಿದಿದೆ? ದೇವಸ್ಥಾನಕ್ಕೆ ಒಂದು ಪಂಗಡ, ಮಸೀದಿಗೆ ಒಂದು ಪಂಗಡ, ಇಗರ್ಜಿಗೆ ಒಂದು ಪಂಗಡ. ಪಂಚಾಯತಿಗೆ ಕೆಲಸವಿದ್ದವರು ಮಾತ್ರ ಹೋಗುತ್ತಾರೆ. ಶಾಲೆ ಮಕ್ಕಳಿಗೆ. ಎಲ್ಲ ಜಾತಿಯವರೂ, ಗಂಡಸರೂ ಹೆಂಗಸರೂ, ಎರಡು ಲೀಟರಿನವರೂ ಇಪ್ಪತ್ತು ಲೀಟರಿನವರೂ, ದಿನಕ್ಕೆ ಎರಡು ಹೊತ್ತು, ಒಂದೇ ಸಾಲಿನಲ್ಲಿ ನಿಲ್ಲುವ ಜಾಗ ಹಾಲಿನ ಸಂಘ ಒಂದೇ. ಇದನ್ನು ನಾವು ಗಮನಿಸಿಲ್ಲ. ಹಾಲು ಸಂಗ್ರಹಿಸುವ ಕಟ್ಟಡ ಎಂದು ಮಾತ್ರ ತಿಳಿದಿದ್ದೇವೆ. ಸಾಹಿತ್ಯ ಪರಿಷತ್ತಿನವರು ಸಭಾಭವನ ಹಿಡಿದು, ಆಮಂತ್ರಣ ಹಂಚಿ ಸೇರಿಸಲು ಕಷ್ಟಪಡುವ ಜನ ನಮ್ಮಲ್ಲಿ ಕ್ಯಾನು ಹಿಡಿದು ತಾವೇ ಬರುತ್ತಾರೆ. ಕವಿತೆಯ ಮಾತನ್ನು ಹಾಲಿನ ಸಭೆಯಲ್ಲಿ ಆಡುವುದಕ್ಕೆ ನನಗಿರುವ ಕಾರಣ ಇದು.

ಹೈನುಗಾರರು ಕಲೆಯ ಕೆಲಸಕ್ಕೆ ಕೈ ಹಾಕಿದ್ದು ಇದೇ ಮೊದಲೂ ಅಲ್ಲ. 1976ರಲ್ಲಿ ಶ್ಯಾಮ್ ಬೆನಗಲ್ ಅವರು 'ಮಂಥನ್' ಎಂಬ ಹಿಂದಿ ಚಲನಚಿತ್ರ ಮಾಡಿದರು. ಹಾಲಿನ ಸಹಕಾರ ಸಂಘ ಒಂದು ಹಳ್ಳಿಗೆ ಬಂದಾಗ ಏನೇನಾಗುತ್ತದೆ ಎಂಬುದೇ ಅದರ ಕಥೆ. ನಮ್ಮ ಗಿರೀಶ ಕಾರ್ನಾಡರು ಅದರಲ್ಲಿ ಪಶುವೈದ್ಯರ ಪಾತ್ರ ಮಾಡಿದ್ದಾರೆ. ಆ ಚಿತ್ರಕ್ಕೆ ಹಣ ಹಾಕಿದವರು ಯಾರೋ ಸೇಠರಲ್ಲ. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಕೊಟ್ಟರು. ಚಿತ್ರ ಬಿಡುಗಡೆಯಾದಾಗ ರೈತರು ಲಾರಿಗಳಲ್ಲಿ ಬಂದು ತಮ್ಮ ಚಿತ್ರವನ್ನು ನೋಡಿದರು. 2024ರಲ್ಲಿ ಅದನ್ನು ದುರಸ್ತಿ ಮಾಡಿ ಫ್ರಾನ್ಸಿನ ಕಾನ್ ಚಲನಚಿತ್ರೋತ್ಸವದಲ್ಲಿ ಮತ್ತೆ ತೋರಿಸಿದರು. ಎರಡೆರಡು ರೂಪಾಯಿ ಸೇರಿ ಅಷ್ಟು ದೂರ ಹೋಯಿತು. ನಾನು ಇಂದು ಕೇಳುವುದಕ್ಕೆ ಎರಡು ರೂಪಾಯಿಯೂ ಬೇಡ.

ಈಗ ಭಾಷೆಯ ಮಾತು. ನಮ್ಮವರು ಕವಿತೆ ಬರೆಯಲು ಕುಳಿತರೆ ಮೊದಲು ಮಾಡುವ ಕೆಲಸ ಮನೆಯ ಮಾತನ್ನು ಬದಿಗಿಡುವುದು. 'ಗಂಟಿ' ಹೋಗಿ 'ಗೋಮಾತೆ'ಯಾಗುತ್ತದೆ, 'ಹಟ್ಟಿ' ಹೋಗಿ 'ಗೋಶಾಲೆ'ಯಾಗುತ್ತದೆ. ಆ ಮಾತುಗಳು ಕೆಟ್ಟವಲ್ಲ, ಆದರೆ ಅವು ನಮ್ಮ ಹಟ್ಟಿಯಲ್ಲಿ ಹುಟ್ಟಿದವಲ್ಲ. ಒಂದು ಉದಾಹರಣೆಗೆ ನಾನೇ ಎರಡು ಬಗೆಯಾಗಿ ಕಟ್ಟಿ ಹೇಳುತ್ತೇನೆ, ಕೇಳಿ. ಮೊದಲನೆಯದು:

ಗೋವೇ ನೀನು ಜಗದ ತಾಯಿ,
ಅಮೃತ ಸುರಿವ ಕಾಮಧೇನು.

ಎರಡನೆಯದು:

ಕೆಚ್ಚಲು ಬತ್ತಿದರೂ ಕೆಂಪಿ
ಐದು ಗಂಟೆಗೆ ಕೂಗುತ್ತಾಳೆ;
ಖಾಲಿ ಚೊಂಬು ಹಿಡಿದು ನಾನು
ಹಟ್ಟಿ ಬಾಗಿಲಲ್ಲಿ ನಿಲ್ಲುತ್ತೇನೆ.

ಎರಡೂ ದೊಡ್ಡ ಕವಿತೆಯಲ್ಲ. ಆದರೆ ಮೊದಲನೆಯದನ್ನು ಹಸು ಕಾಣದವನೂ ಬರೆಯಬಹುದು. ಎರಡನೆಯದನ್ನು ಬರೆಯಲು ಹಟ್ಟಿಗೆ ಹೋಗಿರಬೇಕು. ನಮ್ಮವರ ಬಂಡವಾಳ ಇರುವುದು ಅಲ್ಲೇ. ಗಬ್ಬದ ಹಸು ಈಯುವ ರಾತ್ರಿ, ಹೆಣ್ಣುಗರು ಹುಟ್ಟಿದ ಸಂತೋಷ, ಸಾಕಲಾರದೆ ಹಸು ಮಾರಿದ ದಿನದ ಮೌನ, ಬೈಹುಲ್ಲು ಸಿಗದ ಮಳೆಗಾಲ, ಮುಂಬಯಿ ಹೋಟೆಲಿಗೆ ಹೋದ ಮಗ ದೂರವಾಣಿಯಲ್ಲಿ ಮೊದಲು ಕರುವಿನ ಸುದ್ದಿ ಕೇಳುವುದು ಇವನ್ನೆಲ್ಲ ಪೇಟೆಯ ಕವಿಗಳು ಬರೆಯಲಾರರು.

2019ರಿಂದ ಆಸಾಡಿ ಅಮಾಸೆಯಂದು ಕುಂದಾಪ್ರ ಕನ್ನಡ ದಿನವನ್ನು ಆಚರಿಸುತ್ತಿದ್ದೇವೆ. ಬೆಂಗಳೂರಿನಲ್ಲೂ ಪರದೇಶದಲ್ಲೂ ನಮ್ಮವರು ಆಚರಿಸುತ್ತಾರೆ, ಸಂತೋಷ. ಆದರೆ ವರ್ಷಕ್ಕೊಂದು ದಿನ ನಗೆಹನಿಗೆ ಮಾತ್ರ ಕುಂದಾಪ್ರ ಕನ್ನಡ, ಗಂಭೀರ ವಿಷಯಕ್ಕೆ ಪುಸ್ತಕದ ಕನ್ನಡ ಎಂದಾದರೆ ಆ ಭಾಷೆಗೆ ನಾವೇ ಅರ್ಧ ಬಾಗಿಲು ಹಾಕಿದಂತೆ. ಅಳುವಾಗಲೂ ನಾವು ಕುಂದಾಪ್ರ ಕನ್ನಡದಲ್ಲೇ ಅಳುತ್ತೇವಲ್ಲ! ಹಾಗೆಯೇ ಈ ಶಿರೂರಿನಲ್ಲಿ ಕೊಂಕಣಿ ಮಾತಾಡುವವರಿದ್ದಾರೆ, ನವಾಯತಿ ಮಾತಾಡುವವರಿದ್ದಾರೆ. ಅವರ ಮನೆಯ ಹಾಡುಗಳೂ ಈ ಊರಿನವೇ. ಕನ್ನಡ ಲಿಪಿಯಲ್ಲಿ ಬರೆದು, ಕೆಳಗೆ ಅರ್ಥ ಕೊಟ್ಟರೆ ಆಯಿತು. ಬೇರೆ ಬೇರೆ ಹಟ್ಟಿಯ ಹಾಲು ಒಂದೇ ಕ್ಯಾನಿಗೆ ಹೋಗುವ ಜಾಗದಲ್ಲಿ ಇದಕ್ಕೆ ತಕರಾರು ಬರಬಾರದು.

ರೂಪದ ಬಗ್ಗೆಯೂ ಹೆದರಬೇಕಿಲ್ಲ. ನಮ್ಮ ನೆರೆಯ ಉತ್ತರ ಕನ್ನಡದ ದಿನಕರ ದೇಸಾಯಿಯವರನ್ನು ನೆನಪಿಸಿಕೊಳ್ಳಿ. 1909ರಲ್ಲಿ ಹುಟ್ಟಿ 1982ರಲ್ಲಿ ತೀರಿಕೊಂಡ ಅವರು ರೈತರನ್ನು ಸಂಘಟಿಸಿದವರು, ಊರೂರಿಗೆ ಹೈಸ್ಕೂಲು ಕಟ್ಟಿಸಿದವರು, 1967ರಲ್ಲಿ ಲೋಕಸಭೆಗೂ ಆಯ್ಕೆಯಾದವರು. ಇಷ್ಟು ಕೆಲಸದ ನಡುವೆ ಅವರಿಗೆ ಒದಗಿದ ರೂಪ ನಾಲ್ಕು ಸಾಲಿನ ಚೌಪದಿ. ತಾವೇ ನಡೆಸುತ್ತಿದ್ದ 'ಜನಸೇವಕ' ವಾರಪತ್ರಿಕೆಯ ಮೂಲಕ ಅವು ಜನರ ಬಾಯಿಗೆ ಬಂದವು. ನಾಲ್ಕು ಸಾಲಿಗೆ ಪುರುಸೊತ್ತು ಎಲ್ಲರಿಗೂ ಸಿಗುತ್ತದೆ. ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ 2015ರಲ್ಲಿ ತೀರಿಕೊಂಡರು. ಮೇಷ್ಟ್ರಾಗಿ, ತೋಟದ ಕೆಲಸ ಮಾಡುವ ಕೃಷಿಕರಾಗಿ ಇದ್ದುಕೊಂಡೇ ಕವಿಯಾದರು. ಕೆಲಸ ಮಾಡುವವನಿಗೆ ಕವಿತೆ ಯಾಕೆ ಎಂದು ಕೇಳುವವರಿಗೆ ಈ ಇಬ್ಬರ ಬದುಕೇ ಉತ್ತರ.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಬರುತ್ತದೆ. ಅದನ್ನು ಬಿಟ್ಟು ಹೋದರೆ ನನ್ನ ಮಾತು ಬರೀ ಹೊಗಳಿಕೆಯಾದೀತು. ಬಂದ ಕವಿತೆಗಳೆಲ್ಲ ಚೆನ್ನಾಗಿರುತ್ತವೆಯೇ? ಇಲ್ಲ. ಹೆಚ್ಚಿನವು ಚೆನ್ನಾಗಿರುವುದಿಲ್ಲ. ಎಲ್ಲವನ್ನೂ ಪತ್ರಿಕೆಯಲ್ಲಿ ಹಾಕಬೇಕೆಂದು ಕೆಲವರು ಹೇಳುತ್ತಾರೆ: ಸದಸ್ಯರೆಲ್ಲ ಸಮಾನರು, ಒಬ್ಬರದ್ದು ಹಾಕಿ ಒಬ್ಬರದ್ದು ಬಿಟ್ಟರೆ ಮನಸ್ಸು ಮುರಿಯುತ್ತದೆ ಎಂದು. ಇನ್ನು ಕೆಲವರು, ಒಳ್ಳೆಯದು ಸಿಕ್ಕಿದರೆ ಹಾಕಿ, ಇಲ್ಲದಿದ್ದರೆ ಆ ಜಾಗದಲ್ಲಿ ಮೇವಿನ ಬೆಳೆಯ ಬಗ್ಗೆ ಹಾಕಿ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ನ್ಯಾಯವಿದೆ.

ನನ್ನ ಅಭಿಪ್ರಾಯ ಇಷ್ಟು. ಕೇಳುವುದು ಬೇರೆ, ಅಚ್ಚು ಹಾಕುವುದು ಬೇರೆ. ಕೇಳಿಸಿಕೊಳ್ಳುವ ಹಕ್ಕು ಪ್ರತಿಯೊಬ್ಬ ಸದಸ್ಯನಿಗೂ ಇದೆ. ಯಾರು ಓದುತ್ತೇನೆಂದರೂ ನಾವು ಕುಳಿತು ಕೇಳಬೇಕು. ಅಚ್ಚಿಗೆ ಹೋಗುವುದನ್ನು ಆರಿಸಲೇಬೇಕು. ಆರಿಸದೆ ಎಲ್ಲವನ್ನೂ ಹಾಕಿದರೆ ಓದುಗ ಆ ಪುಟವನ್ನೇ ತಿರುವಿ ಹಾಕುತ್ತಾನೆ, ಆಗ ಒಳ್ಳೆಯ ಕವಿತೆಗೂ ಓದುಗ ಇಲ್ಲದಂತಾಗುತ್ತದೆ. ನೀರು ಹಾಕಿದ ಹಾಲನ್ನೂ ಗಟ್ಟಿ ಹಾಲನ್ನೂ ಒಂದೇ ದರಕ್ಕೆ ತೆಗೆದುಕೊಂಡರೆ ಕೊನೆಗೆ ಗಟ್ಟಿ ಹಾಲು ತರುವವನೇ ಬರುವುದು ಬಿಡುತ್ತಾನೆಂದು ನಮಗೆ ಗೊತ್ತಿದೆ. ಆದರೆ ಒಂದು ವ್ಯತ್ಯಾಸ ನೆನಪಿರಲಿ. ಹಾಲಿಗೆ ಯಂತ್ರವಿದೆ, ಕವಿತೆಗೆ ಯಂತ್ರವಿಲ್ಲ. ಆದ್ದರಿಂದ ಆರಿಸುವ ಅಧಿಕಾರ ಒಬ್ಬರ ಕೈಯಲ್ಲಿ ಇರಬಾರದು.

ಜಪಾನಿನಲ್ಲಿ 'ಅಸಾಹಿ' ಎಂಬ ದೊಡ್ಡ ದಿನಪತ್ರಿಕೆ ಇದೆ. ಅದರಲ್ಲಿ ವಾರಕ್ಕೊಮ್ಮೆ ಓದುಗರು ಕಳುಹಿಸಿದ ಹಾಯ್ಕು ಪದ್ಯಗಳ ಅಂಕಣ ಬರುತ್ತದೆ. ಮೂರು ತುಂಡಿನ ಸಣ್ಣ ಪದ್ಯ ಅದು. ಜನಸಾಮಾನ್ಯರು ಅಂಚೆ ಕಾರ್ಡಿನಲ್ಲಿ ಬರೆದು ಕಳುಹಿಸುತ್ತಾರೆ. ನಾಲ್ವರು ಕವಿಗಳು ಬೇರೆ ಬೇರೆಯಾಗಿ ಆರಿಸುತ್ತಾರೆ, ಯಾರು ಆರಿಸಿದ್ದು ಯಾವುದು ಎಂದೂ ಅಚ್ಚಾಗುತ್ತದೆ. ಒಂದೇ ಪದ್ಯವನ್ನು ಒಬ್ಬರಿಗಿಂತ ಹೆಚ್ಚು ಜನ ಆರಿಸಿದ್ದರೆ ಅದಕ್ಕೆ ನಕ್ಷತ್ರದ ಗುರುತು ಹಾಕುತ್ತಾರೆ. ಒಬ್ಬ ಕವಿ ಬಿಟ್ಟದ್ದನ್ನು ಇನ್ನೊಬ್ಬ ಎತ್ತಿಕೊಳ್ಳಬಹುದು. ಸೋತವನಿಗೂ ಇದು ಒಬ್ಬರ ರುಚಿ ಮಾತ್ರ, ಕೊನೆಯ ತೀರ್ಪಲ್ಲ ಎಂಬ ಸಮಾಧಾನ ಸಿಗುತ್ತದೆ. ನಮಗೂ ಇದು ಹೊಂದುತ್ತದೆ.

ಬಿಟ್ಟ ಕವಿತೆಯನ್ನು ಹಿಂದೆ ಕೊಡುವಾಗ 'ಚೆನ್ನಾಗಿಲ್ಲ' ಎಂಬ ಒಂದು ಮಾತು ಸಾಲದು, 'ಭಾರೀ ಚೆನ್ನಾಗಿದೆ' ಎಂಬ ಸುಳ್ಳೂ ಬೇಡ. ಒಂದೇ ಒಂದು ಸಾಲಿಗೆ ಗೆರೆ ಎಳೆದು, "ಇದು ನಿಮ್ಮದೇ ಸಾಲು, ಉಳಿದದ್ದು ಬೇರೆ ಕಡೆ ಕೇಳಿದಂತಿದೆ, ಇದರಿಂದ ಮತ್ತೆ ಹೊರಡಿ" ಎಂದು ಬರೆದುಕೊಟ್ಟರೆ ಬರೆದವರಿಗೆ ದಾರಿ ಸಿಗುತ್ತದೆ. ಕರು ಹಾಕಿದ ಮೊದಲ ವಾರದ ಹಾಲನ್ನು ಸಂಘಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗೆಂದು ಹಸುವನ್ನು ಯಾರೂ ಮಾರಿಬಿಡುವುದಿಲ್ಲವಲ್ಲ.

ಇನ್ನು ಹಂಚುವುದರಲ್ಲಿ ಕೆಲವು ಎಚ್ಚರಗಳು. ವೈದೇಹಿಯವರ ಹೆಸರು ಹೇಗೆ ಬಂತೆಂದು ಕೆಲವರಿಗೆ ಗೊತ್ತಿರಬಹುದು. ಎಳೆಯ ಪ್ರಾಯದಲ್ಲಿ ಅವರು 'ಸುಧಾ' ವಾರಪತ್ರಿಕೆಗೆ ಒಂದು ಕಥೆ ಕಳುಹಿಸಿದರು. ಅನಂತರ, ಅದರಲ್ಲಿ ನಡೆದ ಸಂಗತಿ ಇದೆ, ಪ್ರಕಟಿಸಬೇಡಿ ಎಂದು ಬರೆದರು. ಸಂಪಾದಕರು ಕಥೆಯನ್ನು ಬಿಡಲಿಲ್ಲ. ಬರೆದವರ ಹೆಸರನ್ನು ಬದಲಿಸಿ 'ವೈದೇಹಿ' ಎಂದು ಹಾಕಿದರು. ಅಲ್ಲಿ ಅದು ಒಳ್ಳೆಯದಕ್ಕೇ ಆಯಿತು, ಕನ್ನಡಕ್ಕೆ ಒಬ್ಬ ಲೇಖಕಿ ಸಿಕ್ಕಿದರು. ಆದರೆ ಹಳ್ಳಿಯಲ್ಲಿ ನಾವು ಅಷ್ಟು ಧೈರ್ಯ ಮಾಡಬಾರದು. ನೂರು ಮನೆಯ ಊರಿನಲ್ಲಿ ಅತ್ತೆಯ ಬಗ್ಗೆ, ಗಂಡನ ಕುಡಿತದ ಬಗ್ಗೆ, ಸಾಲದ ಬಗ್ಗೆ ಸೊಸೆಯೊಬ್ಬಳು ಬರೆದದ್ದನ್ನು ಅವಳ ಒಪ್ಪಿಗೆಯಿಲ್ಲದೆ ಓದಿದರೆ ಮರುದಿನ ಅವಳು ಹಾಲಿನ ಸಾಲಿಗೆ ಬರುವಂತಿಲ್ಲ. ಬರೆದವರ ಒಪ್ಪಿಗೆ ಮೊದಲು, ಓದುವುದು ಆಮೇಲೆ. ಹೆಸರು ಬೇಡವೆಂದರೆ ಹೆಸರಿಲ್ಲದೆ. ಇದರಲ್ಲಿ ರಾಜಿ ಇಲ್ಲ.

ಎರಡನೆಯದು, ಹೆಸರು ಬೇಕೆಂದವರ ಹೆಸರು ಕಳೆಯಬಾರದು. ಈಗ ವಾಟ್ಸಾಪಿನಲ್ಲಿ ಒಂದು ಚುಟುಕು ಹೊರಟರೆ ಸಂಜೆಯೊಳಗೆ ಬರೆದವನ ಹೆಸರು ಉದುರಿಹೋಗಿ ಇನ್ಯಾರದ್ದೋ ಹೆಸರು ಅಂಟಿಕೊಂಡು ತಿರುಗಿ ಅವನಿಗೇ ಬರುತ್ತದೆ. ಮೂರನೆಯದು, ನೆರೆಯವನ ಜಾತಿ, ಮತ, ಮನೆಯ ಜಗಳ, ಚುನಾವಣೆ ಇವನ್ನು ಚುಚ್ಚುವ ಪದ್ಯಕ್ಕೆ ಸಂಘದ ಕಟ್ಟೆಯಲ್ಲಿ ಜಾಗವಿಲ್ಲ. ಅಧಿಕಾರದಲ್ಲಿರುವವರನ್ನು, ಸಂಘದ ನಿರ್ದೇಶಕರನ್ನೂ ಸೇರಿಸಿ, ಟೀಕೆ ಮಾಡಿದರೆ ಮಾತ್ರ ನಾವು ಸಹಿಸಿಕೊಳ್ಳಬೇಕು. ದರ ಕಡಿಮೆಯಾಯಿತೆಂದು ಒಂದು ಪದ್ಯ ಬಂದರೆ ಅಧ್ಯಕ್ಷರು ಮೊದಲು ಚಪ್ಪಾಳೆ ತಟ್ಟಲಿ ಎಂದು ಪ್ರೀತಿಯಿಂದ ಕೋರುತ್ತೇನೆ.

ಹಾಗಾದರೆ ಮಾಡಬೇಕಾದದ್ದು ಏನು? ನಾಲ್ಕೇ ಕೆಲಸ ಹೇಳುತ್ತೇನೆ.

ಒಂದು, ಪ್ರತಿ ಸಂಘದಲ್ಲಿ ರಟ್ಟಿನ ಹೊದಿಕೆಯ ಒಂದು ದಪ್ಪ ಪುಸ್ತಕ ಇಡುವುದು. ಬರೆಯುವವರು ಅದರಲ್ಲಿ ಬರೆಯಲಿ, ಇಲ್ಲವೇ ಚೀಟಿ ಕೊಡಲಿ, ಮಕ್ಕಳು ಅದನ್ನು ಅಂದವಾಗಿ ನಕಲು ಮಾಡಲಿ. ಬರೆದವರು ಒಪ್ಪಿದರೆ ಹೆಸರು, ಮನೆ ಇರುವ ಊರು, ತಾರೀಕು ಇರಲಿ.

ಎರಡು, ಮೂರು ತಿಂಗಳಿಗೊಮ್ಮೆ ಸಂಜೆಯ ಹಾಲು ಕೊಟ್ಟಾದ ಮೇಲೆ ಅರ್ಧ ಗಂಟೆಯ ಓದು. ಒಬ್ಬೊಬ್ಬರಿಗೆ ನಾಲ್ಕು ನಿಮಿಷ. ಸ್ವಾಗತ ಭಾಷಣ ಬೇಡ, ಹಾರ ಬೇಡ, ಫಲಕ ಬೇಡ. ತಾನು ಓದಲು ನಾಚುವವರದ್ದನ್ನು ಬೇರೆಯವರು ಓದಲಿ. ಸಮಯ ನೋಡಲು ಹಾಲು ಪರೀಕ್ಷಕರೇ ಸರಿ, ಅವರ ಬಳಿ ಯಾರ ಮುಲಾಜೂ ನಡೆಯುವುದಿಲ್ಲ.

ಮೂರು, ಪತ್ರಿಕೆಗೆ ಆರಿಸಲು ಮೂವರು. ಒಬ್ಬರು ಶಾಲೆಯ ಮೇಷ್ಟ್ರೋ ಟೀಚರೋ, ಒಬ್ಬರು ಹಾಲು ಹಾಕುವ ಮಹಿಳಾ ಸದಸ್ಯೆ, ಒಬ್ಬರು ಆಟದ ಪದ ಬಲ್ಲ ಹಿರಿಯರು. ವರ್ಷಕ್ಕೊಮ್ಮೆ ಮೂವರೂ ಬದಲಾಗಲಿ. ತಮ್ಮದನ್ನು ತಾವೇ ಆರಿಸುವಂತಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಅವಸರದ್ದು. ನೇಜಿಯ ಹಾಡು, ಶೋಭಾನೆ, ತೊಟ್ಟಿಲ ಪದ ಬಲ್ಲ ಅಜ್ಜಿಯಂದಿರು ನಮ್ಮ ಮನೆಗಳಲ್ಲಿ ಇನ್ನೂ ಕೆಲವರು ಇದ್ದಾರೆ. ಈ ಮಳೆಗಾಲಕ್ಕೆ ಇದ್ದವರು ಮುಂದಿನ ಮಳೆಗಾಲಕ್ಕೆ ಇರುತ್ತಾರೆಂಬ ಭರವಸೆ ಇಲ್ಲ. ಮೊಮ್ಮಕ್ಕಳು ಪಕ್ಕದಲ್ಲಿ ಕುಳಿತು ಮೊಬೈಲಿನಲ್ಲಿ ಧ್ವನಿ ಹಿಡಿಯಲಿ, ಆಮೇಲೆ ಪುಸ್ತಕಕ್ಕೆ ಇಳಿಸಲಿ. ಹಾಡಿದವರ ಹೆಸರು ಬರೆಯಲು ಮರೆಯಬಾರದು. ಜನಪದ ಎಂದರೆ ಯಾರದ್ದೂ ಅಲ್ಲದ್ದು ಎಂದು ನಾವು ತಿಳಿದಿದ್ದೇವೆ. ಹಾಡಿದ ಅಜ್ಜಿಗೆ ಒಂದು ಹೆಸರಿತ್ತು.

ಕವಿತೆಯಿಂದ ಹಾಲಿನ ದರ ಏರುವುದಿಲ್ಲ, ಹಿಂಡಿಯ ದರ ಇಳಿಯುವುದಿಲ್ಲ ಎಂದು ನನಗೂ ಗೊತ್ತಿದೆ. ಮಕ್ಕಳು ಬೆಂಗಳೂರು, ಮುಂಬಯಿ, ದುಬಾಯಿ ಎಂದು ಹೋದರು, ಹಟ್ಟಿ ಒಂದೊಂದಾಗಿ ಖಾಲಿಯಾಗುತ್ತಿದೆ ಎಂದೂ ಗೊತ್ತಿದೆ. ನಮ್ಮ ಕಷ್ಟದ ಲೆಕ್ಕ ಸಂಘದ ದಾಖಲೆಯಲ್ಲಿದೆ: ಇಂತಿಷ್ಟು ಲೀಟರು, ಇಂತಿಷ್ಟು ಫ್ಯಾಟು, ಇಂತಿಷ್ಟು ರೂಪಾಯಿ. ಒಬ್ಬ ಸದಸ್ಯೆ ಇಪ್ಪತ್ತು ವರ್ಷ ಹಾಲು ಹಾಕಿ ಒಂದು ದಿನ ನಿಲ್ಲಿಸಿದರೆ ದಾಖಲೆಯಲ್ಲಿ ಆ ನಂಬರಿನ ಮುಂದೆ ಖಾಲಿ ಬರುತ್ತದೆ, ಅಷ್ಟೆ. ಅಂದು ಅವಳ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕೆ ಯಾವ ಕಾಲಮ್ಮೂ ಇಲ್ಲ. ಅದನ್ನು ಅವಳೇ ಬರೆದಿಡಬೇಕು, ಬರೆದರೆ ನಾವು ಕೇಳಬೇಕು.

ಆದ್ದರಿಂದ ಕೊನೆಯದಾಗಿ ಹಿಂದಿನ ಸಾಲಿನ ಗೆಳೆಯರಲ್ಲಿ ನನ್ನ ವಿನಂತಿ. ಯಾರಾದರೂ ಚೀಟಿ ಹಿಡಿದು ಓದಲು ಎದ್ದು ನಿಂತಾಗ, ಸ್ವರ ನಡುಗಿದರೆ, ಒಂದು ಶಬ್ದ ತಪ್ಪಿದರೆ, ನಾಲ್ಕು ನಿಮಿಷ ನಗಬೇಡಿ. ಕವಿತೆ ಹಾಸ್ಯದ್ದಾದರೆ ಧಾರಾಳವಾಗಿ ನಗಿ. ಇಷ್ಟು ಮಾಡಿದರೆ ಉಳಿದ ಕೆಲಸವನ್ನು ಬರೆಯುವವರೇ ಮಾಡಿಕೊಳ್ಳುತ್ತಾರೆ.

ಮುಂದಿನ ಮಹಾಸಭೆಯ ಮೊದಲು ಪುಸ್ತಕ ಇಡುವ ಸಂಘಗಳು ಯಾವುವೆಂದು ಇಂದೇ ತೀರ್ಮಾನಿಸಿ ಅಧ್ಯಕ್ಷರಿಗೆ ತಿಳಿಸಬೇಕಾಗಿ ಪ್ರಾರ್ಥಿಸುತ್ತೇನೆ. ಸಂಜೆಯ ಹಾಲಿಗೆ ಹೊತ್ತಾಯಿತು, ನಿಮ್ಮನ್ನು ಇನ್ನು ತಡೆಯುವುದಿಲ್ಲ.